ಕಾಗದ ಬಿದ್ದಾಗ

ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ಟಿಗೆ ನಾನು ಒಂದು ಉಪಯೋಗ ಕಂಡುಕೊಂಡಿದ್ದೇನೆ. ಸಣ್ಣ ಚೂರು ಕತ್ತರಿಸಿ ನಡುವೆ ಮಡಚಿದರೆ ತಂತಿಯ ಮೇಲೆ ಸವಾರಿ ಕೂರುತ್ತದೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ದಿನಾ ಹೋಗಿಬರುವ ಫಿಸಿಕ್ಸ್ ಲೆಕ್ಚರರ್ ನಾನು. ಟಿಕೆಟ್ಟಿಗೇನು ಬರವಿಲ್ಲ.

ಹೋದ ವಾರ ಲ್ಯಾಬಿನಲ್ಲಿ ಸೋನೋಮೀಟರ್ ಪ್ರಯೋಗ ಮಾಡಿಸುತ್ತಿದ್ದೆ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೊಂದು ಬಿಗಿದ ತಂತಿ, ತಂತಿಯ ಮೇಲೆ ಈ ಕಾಗದದ ಚೂರು. ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ತಟ್ಟಿ ಪೆಟ್ಟಿಗೆಯ ಮೇಲೆ ಊರಬೇಕು. ಎಷ್ಟು ಜೋರಾಗಿ ತಟ್ಟಿದರೂ ತಂತಿ ಜಗ್ಗುವುದಿಲ್ಲ. ಬಂದ ಕಂಪನ ತನ್ನ ಕಂಪನಕ್ಕೆ ಸರಿಹೊಂದಿದರೆ ಮಾತ್ರ ಮೈದುಂಬಿ ಅಲುಗುತ್ತದೆ, ಕಾಗದ ಹಾರಿ ಬೀಳುತ್ತದೆ. ಇದಕ್ಕೆ ಅನುರಣನೆ ಅನ್ನುತ್ತೇವೆ.

"ಮೇಡಂ, ನೋಡಿ, ಯಾರೂ ಮುಟ್ನಿಲ್ಲ. ತಾನೇ ಎಗ್ರೋಯ್ತು," ಅಂದಳು ಮಲ್ಲಿಪಟ್ಟಣದ ಹುಡುಗಿ. ನಾನು ಗ್ರಾಫ್ ಬರೀರಿ ಎಂದು ಗದರಿಸಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಬೆನ್ನ ಹಿಂದೆ ಕವೆಯ ನಾದ ಇನ್ನೂ ಸಾಯದೆ ಎಳೆಯುತ್ತಿತ್ತು...

ನೆನಪಾದವರು, ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಒಬ್ಬ ಹಾಡುಗಾರ್ತಿ. ಊರೆಲ್ಲ ಸಂಗೀತದಮ್ಮ ಎಂದೇ ಕರೆಯುತ್ತಿತ್ತು. ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಶುಕ್ರವಾರ ಸಂಜೆ ದೇವಸ್ಥಾನದಲ್ಲಿ ಹಾಡುತ್ತಿದ್ದರು. ಅವರ ಅಮ್ಮನೂ ಅಲ್ಲೇ, ಅದೇ ಕಂಬದ ಬುಡದಲ್ಲಿ ಕೂತು ಹಾಡಿದ್ದವರಂತೆ. ನನ್ನ ಕಂಠ ಸಂಗೀತಕ್ಕಲ್ಲ, ಮಕ್ಕಳನ್ನು ಗದರಿಸೋದಕ್ಕೆ ಎಂದು ಅವರೇ ಸರ್ಟಿಫಿಕೇಟ್ ಕೊಟ್ಟಿದ್ದರು. ಕಣ್ಣು ಮುಚ್ಚದೆ ಅವರಿಗೆ ಹಾಡಲು ಬರುತ್ತಿರಲಿಲ್ಲ. ಅದೇ ಒಂದು ಶುಕ್ರವಾರ ಅವರನ್ನು ಸಿಕ್ಕಿಬೀಳಿಸಿದ್ದು.

ಹಾಡು ನಡುವಿನಲ್ಲಿದ್ದಾಗ ಕರೆಂಟು ಹೋಯಿತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ಶ್ರುತಿಪೆಟ್ಟಿಗೆ ನಿಂತಿತು. ಅವರು ನಿಲ್ಲಿಸಲಿಲ್ಲ. ದೀಪದ ಬೆಳಕಿನಲ್ಲಿ ಕಣ್ಣು ಮುಚ್ಚಿ ಹಾಡುತ್ತಲೇ ಹೋದರು. ಷಡ್ಜ, ಅಂದರೆ ಆಧಾರದ ಸಾ, ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಸಂಗೀತ ಗೊತ್ತಿಲ್ಲದ ನನಗೂ ಅದು ತಿಳಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಚಕರು ಗಂಟೆ ಬಾರಿಸಿದರು. ಆಗಲೂ ನಿಲ್ಲಿಸಲಿಲ್ಲ. ಆಮೇಲೆ ಕಣ್ಣು ಬಿಟ್ಟು ಎಲ್ಲರ ಮುಖ ನೋಡಿದರಲ್ಲ... ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕಿವಿ ಹೋಗುತ್ತಿರುವುದನ್ನು ಅಷ್ಟು ದಿನ ಮುಚ್ಚಿಟ್ಟಿದ್ದರು. ಮರುದಿನದಿಂದ ಪಾಠದ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. "ಅವ್ರಿಗೇ ಕೇಳಾಕಿಲ್ವಂತೆ, ನಮ್ಮುಡ್ಗಿ ಆಡೋದು ಏನ್ ಕೇಳ್ಸಾತು ಕಣಕ್ಕಾ," ಎಂದು ಒಬ್ಬ ತಾಯಿ ಅವರ ಬಾಗಿಲಲ್ಲೇ ನಿಂತು ನನಗೆ ಹೇಳಿದಳು. ಹಾಸನದ ಡಾಕ್ಟರು ಕೊಟ್ಟ ಕಿವಿಯ ಮಿಷನ್ ಹಾಕಿಕೊಂಡರೆ ಮಾತು ತಗಡು ಬಡಿದಂತೆ ಕೇಳುತ್ತಿತ್ತಂತೆ, ಸ್ವರ ಹಿಡಿಯಲು ಆಗುತ್ತಿರಲಿಲ್ಲವಂತೆ. ಹಾಡುವುದನ್ನೇ ಬಿಟ್ಟರು.

"ಮಕ್ಳು ಹೋದ್ರೆ ಹೋಗ್ಲಿ ಕಣೆ," ಅಂದರು ಒಂದು ದಿನ, ನನ್ನ ತುಟಿಯನ್ನೇ ನೋಡುತ್ತಾ. "ನನ್ನ ಸಾ ನನ್ನ ಹತ್ರ ಇದೆಯೋ, ಅದೂ ಹೋಯ್ತೋ, ಅದಷ್ಟು ಗೊತ್ತಾಗ್ಬೇಕು."

ಅದನ್ನು ತಿಳಿಯುವ ದಾರಿ ನನಗೆ ಗೊತ್ತಿತ್ತು. ದಿನಾ ಮಾಡಿಸುವ ಪ್ರಯೋಗ ತಾನೇ. ಅವರ ತಂಬೂರಿಯನ್ನು ಚಾಪೆಯ ಮೇಲೆ ಮಲಗಿಸಿ, ಅದರ ಬುಡದ ಗುಂಡನೆಯ ಬುರುಡೆಯ ಮೇಲೆ ಶ್ರುತಿಪೆಟ್ಟಿಗೆ ಇಟ್ಟು, ತಂತಿಗೆ ಟಿಕೆಟ್ಟಿನ ಚೂರು ಕೂರಿಸಿ, ಕಾಗದ ಬೀಳುವವರೆಗೂ ತಂತಿ ಬಿಗಿಯುವ ಬಿರಡೆ ತಿರುಗಿಸಿದೆ. ತಂತಿ ಶ್ರುತಿಗೆ ಬಂತು. ಪೆಟ್ಟಿಗೆ ಆರಿಸಿ, ಬೇರೆ ಚೂರು ಕೂರಿಸಿ, ಬುರುಡೆಯ ಮೇಲೆ ಬಾಗಿ ಹಾಡಿ ಎಂದೆ. ಕಿಟಕಿಯ ಬಿಸಿಲು ನೇರ ತಂತಿಯ ಮೇಲೆ ಬೀಳುತ್ತಿತ್ತು. ಕಣ್ಣು ಬಿಟ್ಟುಕೊಂಡು ಹಾಡಲು ನೋಡಿದರು, ಆಗಲಿಲ್ಲ. ಅದಕ್ಕೇ ಕಾಗದ ಬಿದ್ದಾಗ ನಾನು ಅವರ ಮಂಡಿ ಮುಟ್ಟಬೇಕು ಎಂದು ಒಪ್ಪಂದ ಮಾಡಿಕೊಂಡೆವು.

ಬಹಳ ಹೊತ್ತು ಏನೂ ಆಗಲಿಲ್ಲ. ಸ್ವರ ಕೆಳಗೇ ಎಲ್ಲೋ ತಡಕಾಡುತ್ತಿತ್ತು. ಇದು ಬೀಳದಿದ್ದರೆ ಈ ಹೆಂಗಸಿಗೆ ಯಾವ ಮುಖ ತೋರಿಸಲಿ? ಆಮೇಲೆ ಸ್ವರ ಮೆಲ್ಲಗೆ ಏರಿತು. ಬಿಸಿಲಲ್ಲಿ ತಂತಿ ಅಂಚು ಕಳೆದುಕೊಂಡು ಅಗಲವಾಯಿತು, ಕಾಗದ ನಡುಗಿ ಬಿತ್ತು. ಮಂಡಿ ಮುಟ್ಟಿದೆ. ಅವರು ಬಿಕ್ಕಿಬಿಕ್ಕಿ ಅತ್ತರು.

ಆಮೇಲೆ ಅವರಿಗೆ ಅದೇ ಹುಚ್ಚು. ಕಾಗದ ಬಿದ್ದಾಗ ಸ್ವರದ ಕಂಪನ ಎದೆಯಲ್ಲಿ ಎಲ್ಲಿ ಕೂರುತ್ತದೆ ಎಂದು ಗುರುತು ಇಟ್ಟುಕೊಳ್ಳುತ್ತಿದ್ದರು. "ಬೆಳಕೂ ಅಲೆನೇ ಅಂತೀಯಲ್ಲ," ಎಂದು ನನ್ನನ್ನೇ ಕಾಡುತ್ತಿದ್ದರು, "ಹಾಗಾದ್ರೆ ಕಣ್ಣಲ್ಲಿ ಕೇಳಿದ್ರೆ ಏನ್ ತಪ್ಪು?" ಎರಡೂ ಬೇರೆ ಬೇರೆ ಥರದ ಅಲೆ, ಶಬ್ದಕ್ಕೆ ಗಾಳಿಯೋ ಮರವೋ ಏನಾದರೂ ಬೇಕು, ಬೆಳಕಿಗೆ ಏನೂ ಬೇಡ ಎಂದು ಪಾಠ ಒಪ್ಪಿಸಿದರೆ, "ನಿನ್ನ ಗಾಳಿ ಇದ್ದೂ ನಂಗೆ ಬರ್ಲಿಲ್ವಲ್ಲೇ," ಎಂದು ನಗುತ್ತಿದ್ದರು.

ಕೊನೆಗೊಂದು ಶುಕ್ರವಾರ ಮತ್ತೆ ಅದೇ ಕಂಬದ ಬುಡದಲ್ಲಿ ಕೂತು ಹಾಡಿದರು. ಎದುರಿಗೆ ಮಲಗಿಸಿದ ತಂಬೂರಿ, ಪಕ್ಕದಲ್ಲಿ ಅವರ ಮಂಡಿಯ ಹತ್ತಿರ ಕೈಯಿಟ್ಟು ನಾನು. ಸ್ವಾಮಿಯ ಕಡೆ ನೋಡದೆ ಟಿಕೆಟ್ ಚೂರು ನೋಡುತ್ತಾ ಕೂತವಳು ನಾನೊಬ್ಬಳೇ ಇರಬೇಕು. ಅವತ್ತು ಗಂಟೆ ಬಾರಿಸುವ ಪ್ರಮೇಯ ಬರಲಿಲ್ಲ.

ಅದೇ ವರ್ಷ ಕಾಯಿಲೆ ಬಿದ್ದರು. ಹಾಸಿಗೆ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಸಾ ಒಂದನ್ನೇ ಹಾಡಿ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಸಿದರು. "ತಂಬೂರಿ ನಿಂಗೇ. ನಾನ್ ಹೋದ್ಮೇಲೆ ಶ್ರುತಿ ಸೇರ್ಸೋಕೆ ಬೇಕಲ್ಲ." ಹಾಡುವವಳಲ್ಲದ ನಾನು ಅದನ್ನು ಮನೆಗೆ ತಂದಿಟ್ಟುಕೊಂಡೆ. ಅವರು ಹೋದಮೇಲೆ ಆ ಸಾ ಕೇಳುವ ಧೈರ್ಯ ಇಷ್ಟು ದಿನ ಬಂದಿರಲಿಲ್ಲ.

ಹೋದ ವಾರ ಆ ಲ್ಯಾಬ್ ಮುಗಿಸಿ ಬಂದ ಸಂಜೆ ತಂಬೂರಿಯ ಗವಸು ಬಿಚ್ಚಿದೆ. ಹಳೇ ಮರದ ವಾಸನೆ ಬಂತು. ತಂತಿಗಳು ಸಡಿಲಾಗಿದ್ದವು. ಚಾಪೆ ಹಾಸಿ ಮಲಗಿಸಿದೆ. ಮಗಳ ಸ್ಪೀಕರನ್ನು ಬುರುಡೆಯ ಮೇಲಿಟ್ಟು, ಫೋನ್ ಜೋಡಿಸಿ, ಕಾಗದ ಕೂರಿಸಿದೆ. ಕೋಣೆಯಲ್ಲಿ ಅವರ ಸ್ವರ ಎದ್ದಿತು. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದೆ, ಇನ್ನಷ್ಟು ತಿರುಗಿಸಿದೆ. ಯಾರೂ ಮೀಟದ ತಂತಿ ಮಸುಕಾಗಿ ಅಗಲವಾಯಿತು. ಕಾಗದ ಬಿತ್ತು.

ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಹೋಗಿ ಬರೀ ಚಾಪೆಯನ್ನು ಮುಟ್ಟಿತು. ಅವರು ಸಾ ಹಿಡಿದೇ ಇದ್ದರು, ಕಾಗದ ಬಿದ್ದದ್ದು ಇನ್ನೂ ಗೊತ್ತಾಗದೆ.