ಪಿಸುಮಾತಿನ ಭಾವ

ನಮ್ಮ ಭಾವ ಪಿಸುಗುಟ್ಟಿಯೇ ಮಾತಾಡುತ್ತಿದ್ದರು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ಅಷ್ಟೇ. ಕುಮಟೆಗೆ ಕೇಳಿದವರಿಗೆ ಕಂಡಕ್ಟರ್ ಒಮ್ಮೆ ಗೋಕರ್ಣಕ್ಕೆ ಹರಿದುಕೊಟ್ಟಿದ್ದ. ಅಕ್ಕನನ್ನು ನೋಡಲು ಹೊನ್ನಾವರದ ನಮ್ಮ ಮನೆಗೆ ಬಂದ ದಿನ ಹುಡುಗನ ಗಂಟಲಲ್ಲಿ ಏನೋ ದೋಷವಿದೆ ಎಂದು ಅಮ್ಮನಿಗೆ ಸಂಶಯ ಬಂತು. ಸಂಬಂಧ ತಂದಿದ್ದ ಮಾವನನ್ನು ಹಿತ್ತಿಲಿಗೆ ಕರೆದು ವಿಚಾರಿಸಿದಳು. ಹುಡುಗ ವನ್ಯಜೀವಿ ವಿಜ್ಞಾನಿ, ಅಘನಾಶಿನಿ ಹೊಳೆಯ ನೀರುನಾಯಿಗಳ ಅಧ್ಯಯನ ಮಾಡುತ್ತಾನೆ, ಗಟ್ಟಿಯಾಗಿ ಮಾತಾಡಿದರೆ ಅವು ನೀರಿಗಿಳಿದು ಮಾಯವಾಗುತ್ತವೆ ಎಂದು ಮಾವ ವಿವರಿಸಿದ. ದನಿ ಏರಿಸದ ಗಂಡ ಸಿಗುವುದು ಕಷ್ಟ ಎಂದುಕೊಂಡು ಅಮ್ಮ ಒಪ್ಪಿದಳು.

ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪ, ಅದರ ಹಿಕ್ಕೆ ಸಿಗುವುದು ಸುಲಭ. ಹಿಕ್ಕೆಯಲ್ಲಿರುವ ಮೀನಿನ ಮುಳ್ಳು, ಏಡಿಯ ಚಿಪ್ಪು ನೋಡಿ ಅವು ಏನು ತಿಂದಿವೆ ಎಂದು ಹೇಳುವುದು ಭಾವನ ಕೆಲಸ. ಅದನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ ಮನೆಯ ಫ್ರಿಜ್ಜಿನಲ್ಲೇ ಇಡುತ್ತಿದ್ದರು. ಮಗಳ ಮನೆಗೆಂದು ಕುಮಟೆಗೆ ಹೋಗಿದ್ದ ಅಮ್ಮ ಒಂದು ಮಧ್ಯಾಹ್ನ ಅದರಲ್ಲೊಂದು ಡಬ್ಬಿಯನ್ನು ಒಣ ಸೀಗಡಿ ಚಟ್ನಿ ಎಂದು ತಿಳಿದು ಊಟಕ್ಕೆ ತಂದಿಟ್ಟುಕೊಂಡಳು. ರುಚಿ ನೋಡಿದಳೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾನು ಫ್ರಿಜ್ ರಿಪೇರಿ ಮಾಡುವವನು. ಮರುದಿನವೇ ಹಳೆಯದೊಂದನ್ನು ಸರಿಮಾಡಿ ಭಾವನ ಕೋಣೆಗೆ ಇಳಿಸಿ ಬಂದೆ.

ಅಕ್ಕ ಶಾಲೆಯ ಟೀಚರ್. ಬೆಳಗಿನ ಬಸ್ಸಿಗೆ ಅವಳು ಹೊರಟ ಮೇಲೆ ಮಗಳು ಪಲ್ಲವಿಗೆ ಎರಡು ಜಡೆ ಹಾಕುವುದು, ದೋಸೆ ಹೊಯ್ಯುವುದು ಭಾವನ ಪಾಲಿಗೆ. ಜಡೆಗಳು ಎಂದೂ ಸಮ ಇರುತ್ತಿರಲಿಲ್ಲ. ಬೈಯುವುದನ್ನೂ ಪಿಸುದನಿಯಲ್ಲೇ ಬೈಯುತ್ತಿದ್ದರು. ಕೂಗಾಡುವ ಅಪ್ಪಂದಿರೇ ವಾಸಿ, ಇದು ಹೆದರಿಕೆ ಎಂದು ಪಲ್ಲವಿ ನನ್ನಲ್ಲಿ ದೂರಿದ್ದಳು.

ಆ ಪಲ್ಲವಿಯ ನಿಶ್ಚಿತಾರ್ಥದ ದಿನ ಕುಮಟೆಯ ಮನೆಗೆ ಭಟ್ಕಳದಿಂದ ಗಂಡಿನ ಕಡೆಯವರು ಬಂದು ಕೂತಿದ್ದರು. ಹುಡುಗನ ತಂದೆ ಬೋಟಿನ ಮಾಲೀಕರು. ಎಂಜಿನ್ನಿನ ಸದ್ದಿನ ನಡುವೆ ಬದುಕಿದವರು, ಪಕ್ಕದಲ್ಲಿದ್ದವರ ಜೊತೆಗೂ ಕೂಗಿಯೇ ಮಾತಾಡುವವರು. ಚಹಾ ಬರುವ ಹೊತ್ತಿಗೆ ಭಾವನ ಫೋನ್ ರಿಂಗಾಯಿತು. ಮಿರ್ಜಾನದಲ್ಲಿ ಹೊಳೆಮೀನು ಹಿಡಿಯುವ ಗಣಪು. ಅವನ ಮಾತು ಪಕ್ಕದಲ್ಲಿದ್ದ ನನಗೂ ಕೇಳಿತು.

"ಸಾಹೇಬ್ರೆ, ನಿಮ್ಮ ನಾಯಿ ನನ್ನ ಬಲೆಲಿ ಸಿಕ್ಕಿ ಬಿದ್ದದೆ. ನೀವು ಬತ್ರೋ, ನಾ ಹೊಡ್ದು ಹಾಕ್ಲೋ?"

ಭಾವ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಅಕ್ಕ ಅವರ ಮುಖ ನೋಡಿ, ತನ್ನನ್ನು ಕೇಳಬೇಡಿ, ಅವಳನ್ನು ಕೇಳಿ ಎಂದಳು. ಪಲ್ಲವಿ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಹೋಗಿ ಬಾ ಅಪ್ಪ. ಇವರು ಚಾ ಕುಡೀತಾ ಇರ್ತಾರೆ. ಅದು ಸಾಯ್ತದೆ."

ನನ್ನ ಸ್ಕೂಟರಿನಲ್ಲಿ ಹೋದೆವು. ಗಣಪು ದೋಣಿಯ ಹುಟ್ಟು ಹಿಡಿದು ದಡದಲ್ಲಿ ನಿಂತಿದ್ದ. ಹೊಡೆದಿರಲಿಲ್ಲ. ಭಾವ ಜರಿ ಪಂಚೆಯಲ್ಲೇ ಸೊಂಟದ ತನಕ ನೀರಿಗಿಳಿದು ಬಲೆ ಕತ್ತರಿಸತೊಡಗಿದರು. ಗಣಪು ಬಲೆಗಾಗಿ ಗೋಳಾಡುತ್ತಿದ್ದ. ನೀರುನಾಯಿ ಭಾವನ ಹೆಬ್ಬೆರಳಿನ ಬುಡಕ್ಕೆ ಕಚ್ಚಿ ಹಿಡಿಯಿತು. ಅವರು ಕೂಗಲಿಲ್ಲ, ಕೈ ಕೊಸರಲಿಲ್ಲ. ಮಗುವನ್ನು ತಟ್ಟಿ ಮಲಗಿಸುವವರಂತೆ ಪಿಸುಗುಟ್ಟಿದರು.

"ಆತು, ಆತು."

ಕೊನೆಯ ಎಳೆ ಕಡಿದದ್ದೇ ಅದು ಕೈ ಬಿಟ್ಟು ಮುಳುಗಿತು. ಭಾವ ನೀರನ್ನೇ ನೋಡುತ್ತ ನಿಂತರು. ಆಚೆ ಉಪ್ಪುನೀರಿನಲ್ಲೇ ಬೇರುಬಿಟ್ಟ ಕಾಂಡ್ಲಾ ಗಿಡಗಳ ಹತ್ತಿರ ಅದರ ತಲೆ ಎದ್ದಿತು. ಆಮೇಲೆಯೇ ಅವರು ಕೈಯ ರಕ್ತ ನೋಡಿಕೊಂಡರು.

ಒದ್ದೆ ಪಂಚೆಯಲ್ಲಿ ಮನೆಗೆ ಬಂದು, ಬೀಗರಾಗುವವರಿಗೆ ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತರು. ಭಟ್ಕಳದವರು ಕೈ ನೋಡಿದವರೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಇಂಜೆಕ್ಷನ್ನಿನ ಸರದಿ ಬಂದಾಗ ನರ್ಸ್ ಏನು ಕಚ್ಚಿದ್ದು ಎಂದು ಕೇಳಿದಳು. ಭಾವ ಪಿಸುಗುಟ್ಟಿದ ನೀರುನಾಯಿಯಲ್ಲಿ ಅವಳಿಗೆ ಕೇಳಿಸಿದ್ದು ನಾಯಿ ಮಾತ್ರ.

"ಸಾಕಿದ್ದೋ, ಬೀದೀದೋ?"

ಭಾವ ಸ್ವಲ್ಪ ಯೋಚಿಸಿದರು. "ಹೊಳೇದು."

ಬೋಟಿನ ಮಾಲೀಕರು ವಾರ್ಡಿಗೆ ಕೇಳುವಷ್ಟು ನಕ್ಕರು. ಈ ಮನೆಯ ಬಗ್ಗೆ ತಮಗೆ ಇನ್ನು ವಿಚಾರಿಸಲಿಕ್ಕೆ ಏನೂ ಉಳಿದಿಲ್ಲ ಎಂದು ಅಲ್ಲೇ ಬೆಂಚಿನ ಮೇಲೆ ಮದುವೆಯ ದಿನ ಗೊತ್ತುಮಾಡಿದರು. ಉಂಗುರ ಹಾಕುವಾಗ ಸಂಜೆಯಾಗಿತ್ತು. ಫೋಟೋಗಳಲ್ಲಿ ಭಾವನ ಕೈಯ ಬ್ಯಾಂಡೇಜೇ ಎದ್ದು ಕಾಣುತ್ತದೆ.

ಬಲೆ ಹೊಲಿದುಕೊಡುತ್ತೇನೆ ಎಂದು ಭಾವ ಗಣಪುವಿಗೆ ಮಾತು ಕೊಟ್ಟಿದ್ದರು. ಕೈ ವಾಸಿಯಾದ ಮೇಲೆ ದಿನಾ ಹೋಗಿ ಹೊಲಿದರು. ಅವರು ಈಚೆ ಬಂದ ಮೇಲೆ ಗಣಪು ಆ ಗಂಟುಗಳನ್ನೆಲ್ಲ ಬಿಚ್ಚಿ ತಾನೇ ಹಾಕುತ್ತಿದ್ದನಂತೆ. ಅಂದಿನಿಂದ ನೀರುನಾಯಿ ಬಲೆ ಹರಿದಾಗಲೆಲ್ಲ ಅವನ ಫೋನ್ ಬರುತ್ತಿತ್ತು. ಭಾವ ಊಟ ಬಿಟ್ಟು ಎದ್ದು ಬೈಗುಳವನ್ನು ಪೂರ್ತಿ ಕೇಳಿ, ಯಾವ ಜಾಗ, ಎಷ್ಟಿದ್ದವು, ಮರಿ ಇತ್ತೋ ಎಂದು ವಿಚಾರಿಸುತ್ತಿದ್ದರು. ಗಣಪು ಬೈಯುತ್ತಲೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದ. ಬೈಯುತ್ತಿದ್ದನೇ ಹೊರತು ಯಾವುದನ್ನೂ ಹೊಡೆಯಲಿಲ್ಲ.

ಭಾವ ಕಳೆದ ವರ್ಷ ಭಟ್ಕಳದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ಊಟವಾದ ಮೇಲೆ ಮೊಮ್ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ತಾವೂ ನಿದ್ದೆ ಹೋದರು. ಮಗು ಎದ್ದಿತು, ಅವರು ಏಳಲಿಲ್ಲ. ಪಲ್ಲವಿ ಬಹಳ ಹೊತ್ತು ಅವರನ್ನು ಮೆಲ್ಲನೆ ಕರೆದಳಂತೆ.

ಮೂರನೆಯ ದಿನ ಗಣಪು ಕುಮಟೆಗೆ ಬಂದ. ಒಳಗೆ ಬರಲಿಲ್ಲ. ಜಗಲಿಯ ಕೆಳಗೆ ನಿಂತು ಟವೆಲ್ಲನ್ನು ಕೈಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಇದ್ದ. ಅಕ್ಕ ಎದ್ದು ಹೊರಗೆ ಬಂದಳು.

"ಅಕ್ಕೋರೆ, ನಿನ್ನೆ ನಾಯಿ ಬಲೆ ಪೂರಾ ಹರ್ದು ಹಾಕ್ಯದೆ. ಯಾರಿಗೆ ಹೇಳೂದು?"

ಅಕ್ಕ ಮೆಟ್ಟಿಲ ಮೇಲೆ ಕೂತಳು. ಅವನಿಗೂ ಕೂರಲು ಹೇಳಿದಳು.

"ಯಾವ ಜಾಗದಲ್ಲಿ?" ಎಂದು ಕೇಳಿದಳು.