ಬೊಗಳದ ಅಂಕಿತ

ಕಳೆದ ಭಾನುವಾರ ಬೆಳಗ್ಗೆ ಉಪ್ಪಾರಹಳ್ಳಿಯ ನಮ್ಮ ಹಳೇ ಮನೆಯನ್ನು ಕೆಡವಿದರು. ಅದಕ್ಕೂ ಮುಂಚೆ ಸಾಮಾನು ಇಳಿಸುವಾಗ, ಅಟ್ಟದ ಮೇಲಿನ ಬಿಸ್ಕತ್ ಡಬ್ಬಿಯೊಂದರಲ್ಲಿ ನಾಯಿಯ ಅಗಲವಾದ ಚರ್ಮದ ಬೆಲ್ಟ್ ಸಿಕ್ಕಿತು. ಮುಚ್ಚಳ ತೆಗೆದಾಗ ಬೇವಿನೆಣ್ಣೆ ವಾಸನೆ. ಅದರ ಹಿಂದೆಯೇ ನಡುಮನೆಯ ತಣ್ಣನೆಯ ಕೆಂಪು ನೆಲ, ಅಜ್ಜಿಯ ವಿಭೂತಿಗಟ್ಟಿ, ನೆಲಕ್ಕೆ ಹೊಟ್ಟೆಯೊತ್ತಿ ಮಲಗಿದ ದೊಡ್ಡ ನಾಯಿ, ಎಲ್ಲ ಬಂದವು. ಅಂಥ ಒಂದು ನಡುಮನೆ ನಿಮಗೂ ಇದ್ದಿರಬಹುದು.

ಗುಬ್ಬಿಯಲ್ಲಿ ಟೈರ್ ಅಂಗಡಿ ಇಟ್ಟಿದ್ದ ಚಿಕ್ಕಪ್ಪ ಆ ನಾಯಿಯನ್ನು ಮರಿಯಾಗಿದ್ದಾಗ ತಂದಿದ್ದರು. ತಳಿ ಅಕಿತ; ಜಪಾನಿನ ಉತ್ತರದಲ್ಲಿ, ಹಿಮ ಬೀಳುವ ಬೆಟ್ಟಗಳಲ್ಲಿ, ಕರಡಿ ಬೇಟೆಗೆ ಸಾಕುತ್ತಿದ್ದ ನಾಯಿ. ‘ದೇವರಾಯನದುರ್ಗದ ಕರಡಿ ಬಂದ್ರೂ ಹಿಂದಕ್ ಸರಿಯಲ್ಲ’ ಅಂದರು. ಚುಚ್ಚುಮದ್ದಿನ ಚೀಟಿಯಲ್ಲಿದ್ದ ತಳಿಯ ಹೆಸರನ್ನು ಅಜ್ಜಿ ‘ಅಂಕಿತ’ ಎಂದು ಓದಿದರು. ‘ವಚನದ ಕೊನೇಲಿ ಬರೋದನ್ನ ನಾಯಿಗ್ ಇಡ್ತಾರೇನ್ಲಾ?’ ಎಂದು ಚಿಕ್ಕಪ್ಪನನ್ನು ಬೈದು, ಮಾರನೇ ದಿನದಿಂದ ತಾವೇ ಹಾಗೆ ಕರೆದು ಅನ್ನ ಹಾಕತೊಡಗಿದರು. ಅಂಕಿತ ಬೊಗಳುತ್ತಿರಲಿಲ್ಲ. ಮನೆಯವರ ಹಿಂದೆ ಸದ್ದಿಲ್ಲದೆ ಓಡಾಡುತ್ತಿತ್ತು. ಹೊರಗಿನವರು ಬಂದರೆ ಎದ್ದು ನಿಂತು ನೋಡುತ್ತಿತ್ತು, ಅಷ್ಟೇ. ಬೇರೆ ನಾಯಿ ಕಂಡರೆ ಮಾತ್ರ ಮೈಯೆಲ್ಲ ಸೆಟೆಯುತ್ತಿತ್ತು. ನಮ್ಮ ಬೀದಿಯಲ್ಲಿ ನಾಯಿ ಅಂದರೆ ಬೊಗಳಬೇಕು. ಇದು ಬೊಗಳದ್ದರಿಂದ ಮೂಗ, ಸಾಧು ಎಂದು ಅಜ್ಜಿ ತೀರ್ಮಾನಿಸಿದ್ದರು.

ಹಾಸಿಗೆ ಹೊಲಿಯುವ ಸತ್ತಾರ್ ಸಾಬರು ವರ್ಷಕ್ಕೊಮ್ಮೆ ನಮ್ಮ ಮನೆಗೆ ಹತ್ತಿ ಹಿಂಜಲು ಬರುತ್ತಿದ್ದರು. ಆ ವರ್ಷ ಗೇಟಿನೊಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಜಗಲಿಯ ಮೇಲೆ ಅಂಕಿತ ನಿಂತಿತ್ತು. ಅದರ ಕೊರಳ ಬೆಲ್ಟ್ ನನ್ನ ಕೈಯಲ್ಲಿತ್ತು. ನನಗೆ ಒಂಬತ್ತು ವರ್ಷ.

‘ಬನ್ನಿ ಸಾಬ್ರೇ, ಅದು ಮೂಗ. ಏನೂ ಮಾಡಲ್ಲ’ ಎಂದರು ಅಜ್ಜಿ.

‘ಬೊಗಳಿದ್ರೆ ಬರ್ತಿದ್ದೆ ಅಮ್ಮಾ. ಇದು ಯೋಚ್ನೆ ಮಾಡ್ತಾ ಇದೆ.’

ಅಜ್ಜಿ ನಕ್ಕು, ‘ಬೆಲ್ಟ್ ಬುಡ್ಬೇಡ ಕಣೇ’ ಎಂದು ನನಗೆ ಹೇಳಿ ಹಳೇ ಹಾಸಿಗೆ ತರಲು ಒಳಗೆ ಹೋದರು.

ಸಾಬರು ಕದಲಲಿಲ್ಲ. ನನ್ನ ಬೆರಳ ಕೆಳಗೆ ನಾಯಿಯ ಕುತ್ತಿಗೆ ಕಲ್ಲಿನಂತಿತ್ತು. ಅದು ಸಾಧು ಎಂದು ಅವರಿಗೆ ತೋರಿಸಬೇಕು ಅನ್ನಿಸಿತು. ಬಕಲ್ ಬಿಚ್ಚಿದೆ. ಅಂಕಿತ ನಿಂತಲ್ಲೇ ನಿಂತಿತು. ಸಾಬರು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಅಷ್ಟರಲ್ಲಿ ತೆರೆದಿದ್ದ ಗೇಟಿನಿಂದ ಬೀದಿನಾಯಿಯೊಂದು ಅವರ ಹಿಂದೆ ಒಳಗೆ ಬಂತು. ಅಂಕಿತ ಸದ್ದಿಲ್ಲದೆ ಹಾರಿತು. ನಡುವೆ ಸಾಬರಿದ್ದರು. ತಡೆಯಲು ಚಾಚಿದ ಬಲಗೈ ಅದರ ಬಾಯಿಗೆ ಸಿಕ್ಕಿತು.

ಸಂಜೆ ಚಿಕ್ಕಪ್ಪ ಕೇಳಿದರು, ‘ಹೆಂಗೇ ಬಿಡಿಸ್ಕೊಂತು?’

‘ಬೆಲ್ಟ್ ಕಿತ್ತೋಯ್ತು’ ಅಂದೆ.

‘ಬೆಲ್ಟ್ ಕೀಳೋ ನಾಯಿನ ಮನೇಲಿ ಇಟ್ಕೊಳಕ್ಕಾಗಲ್ಲ’ ಅಂದರು ಚಿಕ್ಕಪ್ಪ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಮೂರನೇ ದಿನ ಅಂಕಿತನ ಕೊರಳಿಗೆ ಹಗ್ಗ ಕಟ್ಟಿ, ಕುಣಿಗಲ್ ಮೇಲೆ ಹುಲಿಯೂರುದುರ್ಗದ ಪರಿಚಯದವರ ತೋಟಕ್ಕೆ ಸಾಗಿಸಿದರು. ವ್ಯಾನಿನಲ್ಲೂ ಅದು ಬೊಗಳಲಿಲ್ಲ.

ಅಂಕಿತ ಎರಡು ವರ್ಷ ಆ ತೋಟದಲ್ಲಿದ್ದು ಸತ್ತಿತು. ಅಜ್ಜಿಯೂ ಈಗಿಲ್ಲ. ಸಾಬರ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಅವರ ಸೂಜಿಯನ್ನು ಮಗ ಹಿಡಿದಿದ್ದಾನೆ. ಡಬ್ಬಿಯ ಮೇಲೆ ಅಜ್ಜಿಯ ಅಕ್ಷರದಲ್ಲಿ ‘ಅಂಕಿತ’ ಎಂದಿದೆ. ಬೆಲ್ಟಿಗೆ ಬೇವಿನೆಣ್ಣೆ ಹಚ್ಚಿ ಒಳಗಿಟ್ಟಿದ್ದಾರೆ. ಚರ್ಮ ಎಲ್ಲೂ ಕಿತ್ತುಹೋಗಿಲ್ಲ. ಬಕಲ್ ಸರಿಯಾಗಿ ಕೂರುತ್ತದೆ.