ಮೊದಲು ನೀರಿನ ಬಿಲ್ಲೆಗಳು

ಆ ಮೈಕ್ರೋಸ್ಕೋಪ್ ಲ್ಯಾಂಪಿನ ಫ್ಯಾನಿನ ಸದ್ದು ಈಗಲೂ ಕಿವಿಯಲ್ಲಿದೆ. ಸ್ವಿಚ್ ಒತ್ತಿದರೆ ಮೊದಲು ಟಕ್ ಎಂದು ಸಣ್ಣ ಸದ್ದು, ಆಮೇಲೆ ಗಂಟೆಗಟ್ಟಲೆ ಒಂದೇ ಸಮನೆ ಗುಂಯ್. ಹಡಪಸರದ ಕಡೆಯ ನಮ್ಮ ಲ್ಯಾಬಿನಲ್ಲಿ, ಕಿಟಕಿಗೆ ಕಪ್ಪು ಪರದೆ ಹಾಕಿದ ಪುಟ್ಟ ಕೋಣೆಯಲ್ಲಿ ಕುಳಿತು ನಾನು ಮೈಕ್ರೋಸ್ಕೋಪಿನಲ್ಲಿ ಎಲೆ ನೋಡುತ್ತಿದ್ದೆ. ರಿಟೈರ್ ಆದ ಮೇಲೂ ವರ್ಷ ವರ್ಷ ಎಕ್ಸ್‌ಟೆನ್ಶನ್ ಕೊಟ್ಟು ಉಳಿಸಿಕೊಂಡಿದ್ದರು, ನನ್ನ ಕೈ ಸ್ಟೆಡಿ ಎಂದು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಸೂತಿ ಕಲಿಸಿದ ಸಿಸ್ಟರ್ ಕೂಡ ಹಾಗೇ ಅಂದಿದ್ದರು. ಅದನ್ನು ನಂಬಿಕೊಂಡೇ ಮುದುಕಿಯಾದೆ.

ರೋಗ ಬಂದೀತೆಂಬ ಸುಳಿವು ಸಿಕ್ಕರೆ ಎಲೆಯ ಜೀವಕೋಶಗಳು ತಮ್ಮ ಗೋಡೆಗೆ ಒಳಗಿನಿಂದ ಒಂದು ಬಗೆಯ ಗಾರೆ ಮೆತ್ತಿಕೊಳ್ಳುತ್ತವೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಎಲೆಯನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಹಸಿರೆಲ್ಲ ಬಿಡಿಸಿ, ನೀಲಿ ಡೈ ಹಾಕಿ, ಅಲ್ಟ್ರಾವಯೊಲೆಟ್ ಬೆಳಕಿಗೆ ಹಿಡಿದರೆ ಗಾರೆ ಮೆತ್ತಿದಲ್ಲೆಲ್ಲ ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತದೆ. ಚುಕ್ಕೆ ಎಷ್ಟು ಹೆಚ್ಚೋ, ಎಲೆ ಅಷ್ಟು ಎಚ್ಚರವಾಗಿದೆ ಎಂದರ್ಥ. ಎಣಿಸುವುದು ನನ್ನ ಪಾಲಿನ ಕೆಲಸ.

ಪಿಎಚ್‌ಡಿಗೆಂದು ಧಾರವಾಡದ ಹುಡುಗಿಯೊಬ್ಬಳು ಬಂದಿದ್ದಳು. ಎಲ್ಲರೆದುರು ನನ್ನನ್ನು ಮ್ಯಾಡಮ್ ಎನ್ನುವಳು, ಇಬ್ಬರೇ ಇದ್ದಾಗ ಮಾವಶಿ, ಅಂದರೆ ಚಿಕ್ಕಮ್ಮ. ಒಂದು ಕಳೆಗಿಡದ ರಸ ಸೋಕಿದರೆ ಸಾಕು, ಟೊಮ್ಯಾಟೊ ಎಲೆ ರೋಗ ಎದುರಿಸಲು ಮೊದಲೇ ಸಿದ್ಧವಾಗುತ್ತದೆ ಎಂಬುದು ಅವಳ ಥೀಸಿಸ್. ಆ ರಸವನ್ನು ನಾವು ಕಷಾಯ ಎನ್ನುತ್ತಿದ್ದೆವು. "ಇಷ್ಟು ಎಣಸೂದಕ್ಕಿಂತ ಜಪಾ ಮಾಡಿದ್ರ ಪುಣ್ಯಾನರೆ ಬರ್ತಿತ್ತು ನೋಡ್ರಿ" ಎಂದು ನನ್ನನ್ನು ಕಾಡಿಸುವಳು. ರಿಸಲ್ಟ್ ಚೆನ್ನಾಗಿತ್ತು. ಕಷಾಯದ ಎಲೆಗಳಲ್ಲಿ ಚುಕ್ಕೆ ಢಾಳಾಗಿ ಹೆಚ್ಚಿದ್ದವು. ಅವಳ ಗೈಡ್ ಆಗಿದ್ದ ಸರ್ ಪೇಪರ್ ಬರೆಯಲು ಶುರು ಮಾಡಿದ್ದರು. ಫೆಲೋಶಿಪ್ ಮುಗಿಯಲು ಆರು ತಿಂಗಳಿತ್ತು.

ಎಲೆಯಿಂದ ಅಂಗಿ ಗುಂಡಿಯಷ್ಟು ಬಿಲ್ಲೆ ಕತ್ತರಿಸಿ, ಹಲ್ಲುಳ್ಳ ಚಿಮಟವಾದ ಫೋರ್ಸೆಪ್ಸ್‌ನಲ್ಲಿ ಎತ್ತಿ, ಕೆಲವನ್ನು ನೀರಿನಲ್ಲಿ, ಕೆಲವನ್ನು ಕಷಾಯದಲ್ಲಿ ತೇಲಿಬಿಡುತ್ತಿದ್ದೆ. ಮರುದಿನದವರೆಗೆ ಅವು ಅಲ್ಲೇ ಜೀವ ಹಿಡಿದುಕೊಂಡಿರುತ್ತವೆ. ಮೊದಲು ನೀರಿನವು, ಆಮೇಲೆ ಕಷಾಯದವು, ಇದು ನಮ್ಮ ಶಿಸ್ತು. ಕಷಾಯ ಮುಟ್ಟಿದ ಕೈಯಿಂದ ನೀರಿನ ಬಿಲ್ಲೆ ಮುಟ್ಟಿದರೆ ಹೋಲಿಕೆಯೇ ಕೆಡುತ್ತದೆ. ಹಾಗಾಗಿ ನೀರಿನವು ಬೆಳಿಗ್ಗೆ, ಕಷಾಯದವು ಮಧ್ಯಾಹ್ನ. ಆ ಶಿಸ್ತನ್ನು ಒಂದು ದಿನವೂ ತಪ್ಪಿಸಿದವಳಲ್ಲ ನಾನು.

ಒಂದು ದಿನ ಕಷಾಯದ ಬಿಲ್ಲೆಯ ಅಂಚಿನಲ್ಲಿ ಚುಕ್ಕೆಗಳು ಸಾಲು ಹಿಡಿದು ನಿಂತಿದ್ದವು, ಹೊಲಿಗೆ ಹಾಕಿದಂತೆ. ಎಲೆ ಎಂದೂ ಅಷ್ಟು ನೀಟಾಗಿ ಚುಕ್ಕೆ ಇಡುವುದಿಲ್ಲ. ಫೋರ್ಸೆಪ್ಸ್ ತಂದು ಅದರ ಹಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಹಲ್ಲಿಗೆ ಒಂದರಂತೆ ಚುಕ್ಕೆ ಕೂಡಿತು. ಹಳೆಯ ಫೋಟೋಗಳನ್ನೂ ತೆಗೆದೆ. ಅವುಗಳಲ್ಲೂ ಅದೇ ಸಾಲು. ಬೆಳಗಿನ ನೀರಿನ ಬಿಲ್ಲೆಗಳಲ್ಲಿ ಇರಲಿಲ್ಲ.

ಮಧ್ಯಾಹ್ನವಾದರೆ ನನ್ನ ಬಲಗೈ ನಡುಗಲು ಶುರುವಾಗಿ ಒಂದು ವರ್ಷವಾಗಿತ್ತು. ನಡುಕ ಯಾರಿಗೂ ಕಾಣಬಾರದೆಂದು ಫೋರ್ಸೆಪ್ಸ್ ಬಿಗಿಯಾಗಿ ಹಿಡಿಯುತ್ತಿದ್ದೆ. ಚಿವುಟಿದರೂ ಎಲೆ ಗಾರೆ ಮೆತ್ತಿಕೊಳ್ಳುತ್ತದೆ. ಬಂದದ್ದು ರೋಗವೋ ನನ್ನ ಕೈಯೋ, ಅದಕ್ಕೇನು ಗೊತ್ತು.

ಮೂರು ದಿನ ಬಾಯಿಬಿಡಲಿಲ್ಲ. ಕೊಂಢವಾದಲ್ಲಿದ್ದ ನನ್ನ ಫ್ಲ್ಯಾಟಿನಲ್ಲಿ, ಎದುರು ಬಿಲ್ಡಿಂಗಿನ ಡ್ರಿಲ್ಲಿಂಗ್ ಕೇಳುತ್ತಾ ಸುಮ್ಮನೆ ಬಿದ್ದುಕೊಂಡಿರುತ್ತಿದ್ದೆ. ಎದ್ದು ಅನ್ನಕ್ಕಿಡಲೂ ಮನಸ್ಸಾಗುತ್ತಿರಲಿಲ್ಲ. ನಾಲ್ಕನೆಯ ದಿನ ಆ ಹುಡುಗಿಯನ್ನು ಕತ್ತಲೆ ಕೋಣೆಗೆ ಕರೆದು, ನೋಡು ಎಂದು ಜಾಗ ಬಿಟ್ಟುಕೊಟ್ಟೆ. ಅವಳು ಅಂಚಿನ ಸಾಲನ್ನು ನೋಡಿದಳು, ಆಮೇಲೆ ನನ್ನ ಬಲಗೈ ನೋಡಿದಳು.

"ಎಷ್ಟು ದಿನಾ ಆತ್ರಿ ಕೈ ಹಿಂಗಾಗಿ?"

ಒಂದು ವರ್ಷ ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಸರ್‌ಗೆ ನಾ ಹೇಳ್ತೀನಿ, ಮಾವಶಿ. ನೀವು ನಡುವ ಬಾಯಿ ಹಾಕಬ್ಯಾಡ್ರಿ. ನಿಮ್ಮನ್ನ ಮನೀಗೆ ಕಳಸಿಬಿಡ್ತಾರ."

ಮರುದಿನ ಸರ್ ಎದುರು ನಿಂತು, ಮಧ್ಯಾಹ್ನದ ಬಿಲ್ಲೆಗಳನ್ನು ಹಿಡಿದವಳು ತಾನೇ, ತಪ್ಪೆಲ್ಲ ತನ್ನದೇ ಎಂದು ಮರಾಠಿಯಲ್ಲಿ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಇಷ್ಟು ಎಕ್ಸ್‌ಪೀರಿಯನ್ಸ್ ಇದ್ದೂ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ ಎಂದು ಸರ್ ನನ್ನನ್ನು ಕೇಳಿದರು. ಸಾರಿ ಸರ್ ಎಂದೆ. ಯಾವುದಕ್ಕೆ ಸಾರಿ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವಳು ಮೊದಲಿನಿಂದ ಎಲ್ಲವನ್ನೂ ತಾನೇ ಮತ್ತೆ ಮಾಡಿದಳು, ಫೋರ್ಸೆಪ್ಸ್ ಬಿಟ್ಟು ಮೆತ್ತನೆಯ ಬ್ರಶ್‌ನಲ್ಲಿ ಬಿಲ್ಲೆ ಎತ್ತಿ. ನೀರಿಗೂ ಕಷಾಯಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಪೇಪರ್ ನಿಂತಿತು. ಫೆಲೋಶಿಪ್ ಮುಗಿಯಿತು. ಗದಗದ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡಲು ಹೋಗುತ್ತೇನೆ, ಥೀಸಿಸ್ ಆಮೇಲೆ ನೋಡಿದರಾಯಿತು ಎಂದಳು. ಥೀಸಿಸ್ ಆಗಲೇ ಇಲ್ಲವೆಂದು ಆಮೇಲೆ ಕೇಳಿದೆ. ನನ್ನ ಎಕ್ಸ್‌ಟೆನ್ಶನ್ ಆ ವರ್ಷವೂ ಬಂತು.

ಅವಳನ್ನು ಕಳಿಸಲು ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಹೇಳಬೇಕೆಂದುಕೊಂಡದ್ದನ್ನು ರಿಕ್ಷಾದಲ್ಲಿ ದಾರಿಯುದ್ದಕ್ಕೂ ನುಂಗಿಕೊಂಡು, ಬಸ್ಸಿನ ಬಾಗಿಲಲ್ಲಿ ಹೇಳಿದೆ, ನಾಳೆ ಸರ್ ಹತ್ತಿರ ಹೋಗಿ ನಿಜ ಹೇಳುತ್ತೇನೆ ಎಂದು.

"ಈಗ ಹೇಳಿ ಏನ್ ಮಾಡ್ತೀರಿ? ಮೊದಲ ಕೈ ಡಾಕ್ಟರಿಗೆ ತೋರಸ್ರಿ" ಎಂದು ಬ್ಯಾಗ್ ಎತ್ತಿಕೊಂಡು ಹತ್ತಿದಳು.

ಅವಳ ಸೀಟು ಆಚೆ ಬದಿಗಿತ್ತು. ನಾನು ಎರಡು ಬಸ್ಸುಗಳ ನಡುವೆ ನುಸುಳಿ ಆ ಕಡೆಗೆ ಹೋಗುವಷ್ಟರಲ್ಲಿ ಅವಳು ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ಗಾಜು ತಟ್ಟೋಣವೆಂದು ಕೈ ಎತ್ತಿದೆ. ತಟ್ಟಲಿಲ್ಲ. ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಅವಳನ್ನು ನಾನು ಕಂಡದ್ದು ಅದೇ ಕೊನೆ.